ದೇವಮ್ಮನ ದನಿ ಹುಡುಕಿದ ಮಳೆಗಾಲ

ಕಳೆದ ತಿಂಗಳು ಪರೀಕ್ಷೆಯ ಕೆಲಸಕ್ಕೆಂದು ಯಾದಗಿರಿಗೆ ಹೋಗಿದ್ದೆ. ರೈಲು ಇಳಿಯುವ ಹೊತ್ತಿಗೆ ಮಳೆ ಆಗಷ್ಟೇ ನಿಂತಿತ್ತು. ಸ್ಟೇಷನ್ ಹೊರಗೆ ಮಿರ್ಚಿ ಕರಿಯುವ ಎಣ್ಣೆಯ ಘಾಟು, ಅದರ ಬೆನ್ನಿಗೇ ನೆನೆದ ಎರೆಮಣ್ಣಿನ ವಾಸನೆ. ಎರಡೂ ಒಟ್ಟಿಗೆ ಮೂಗಿಗೆ ಬಡಿದವು ನೋಡಿ, ಕಾಲು ಅಲ್ಲೇ ನಿಂತುಬಿಟ್ಟಿತು. ಆಟೋದವನು ಎಲ್ಲಿಗೆ ಎಲ್ಲಿಗೆ ಎಂದು ಕೇಳುತ್ತಲೇ ಇದ್ದ. ಶಹಾಪುರದ ಕಡೆಯಿಂದ ಬರುವ ಬೆಳಗಿನ ಬಸ್ಸು ಈಗಲೂ ಅದೇ ಜಾಗದಲ್ಲಿ ನಿಲ್ಲುತ್ತದೆಯೇ ಎಂದು ಅವನನ್ನು ಕೇಳಬೇಕೆನಿಸಿತು. ಕೇಳಲಿಲ್ಲ. ಆ ಬಸ್ಸಿನಲ್ಲಿ ಈಗ ನನ್ನ ಜೊತೆಗಾತಿ ಬರುವುದಿಲ್ಲ.

ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಹೊಸ ಮೇಷ್ಟ್ರೊಬ್ಬರು ಇದ್ದರು. ಚುರುಕು ಹುಡುಗ. ಪರೀಕ್ಷೆ ಮುಗಿದ ಮೇಲೆ ಚಹಾ ತರಿಸಿ, ತಮ್ಮ ವಿದ್ಯಾರ್ಥಿಗಳ ಕೆಲಸ ತೋರಿಸಿದರು. ಹೋಬಳಿ ಹೋಬಳಿಯ ಮಳೆಯ ಲೆಕ್ಕವೆಲ್ಲ ದೊಡ್ಡ ದೊಡ್ಡ ಫೈಲುಗಳಲ್ಲಿ ತುಂಬಿತ್ತು. ಅದನ್ನು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಓದಿಬಿಡುವ ಒಂದು ಲೈಬ್ರರಿ ಇದೆ, ಪುಕ್ಕಟೆ ಸಿಗುತ್ತದೆ, ಹೆಸರು ‘ಜಿಗಿ’, ಬಹುಶಃ ಜಪಾನಿನವರು ಮಾಡಿದ್ದು ಎಂದರು. ನಾನು ಇರಬಹುದಪ್ಪಾ ಎಂದೆ. ಅಲ್ಲ ಎಂದು ಹೇಳಲು ಹೊರಟಿದ್ದರೆ ಅಳು ಬರುತ್ತಿತ್ತು. ಪರೀಕ್ಷೆಗೆ ಬಂದ ಮೇಡಂ ಪರದೆಯ ಮುಂದೆ ಕೂತು ಅಳುವುದು ಯಾರಿಗೆ ಬೇಕು?

ಲೈಬ್ರರಿ ಎಂದರೆ ಇಲ್ಲಿ ಪುಸ್ತಕದ ಮನೆಯಲ್ಲ. ಒಬ್ಬರು ಒಮ್ಮೆ ಬರೆದಿಟ್ಟರೆ ಬೇರೆಯವರು ತಮ್ಮ ತಮ್ಮ ಕೆಲಸಕ್ಕೆ ಕರೆದುಕೊಳ್ಳಬಹುದಾದ ಕೋಡಿನ ಕಟ್ಟು. ಜಿಗಿಯನ್ನು ಈಗ ಎಲ್ಲೆಲ್ಲಿಯವರೋ ಬಳಸುತ್ತಾರೆ, ಎಲ್ಲೆಲ್ಲಿಯವರೋ ತಿದ್ದುತ್ತಾರೆ. ಅದರ ವೇಗವನ್ನು ಹೊಗಳುತ್ತಾರೆ. ಹೊಗಳಲಿ. ಆದರೆ ಅದನ್ನು ಮೊದಲು ಬರೆದವರು ನಾವಿಬ್ಬರು, ನಾನು ಮತ್ತು ಸುಜಾತಾ. ಬರೆದದ್ದು ಇದೇ ಲ್ಯಾಬಿನಲ್ಲಿ, ಒಂದು ಮಳೆಗಾಲದಲ್ಲಿ, ತಿಂಥಣಿಯ ಒಬ್ಬ ಮೀನುಗಾರನಿಗಾಗಿ.

ಆಗ ನಾನು ಅಲ್ಲಿ ಅತಿಥಿ ಉಪನ್ಯಾಸಕಿ. ಮನೆ ಸುರಪುರದಲ್ಲಿ. ಬೆಳಿಗ್ಗೆ ಸುರಪುರದಲ್ಲಿ ಬಸ್ಸು ಹತ್ತಿ, ಕಿಟಕಿಯ ಪಕ್ಕ ನಾನು ಕೂತು, ಬದಿಯ ಸೀಟು ಹಿಡಿಯಲು ದಸ್ತಿ, ಅಂದರೆ ಕರವಸ್ತ್ರ, ಹಾಸುತ್ತಿದ್ದೆ. ಶಹಾಪುರದಲ್ಲಿ ಹತ್ತಿದವರೆಲ್ಲ ಆ ದಸ್ತಿ ನೋಡಿ ಮೂಗು ಮುರಿಯುತ್ತಿದ್ದರು. ಮುರಿಯಲಿ ಬಿಡಿ ಎಂದು ನಾನು ಹೊರಗೆ ಹತ್ತಿಯ ಹೊಲ ನೋಡುತ್ತ ಕೂರುತ್ತಿದ್ದೆ. ದೋರನಹಳ್ಳಿಯಲ್ಲಿ ಸುಜಾತಾ ಹತ್ತುತ್ತಿದ್ದಳು. ಅವಳು ನಮ್ಮ ಲ್ಯಾಬಿನ ಸಹಾಯಕಿ, ನನಗಿಂತ ಚಿಕ್ಕವಳು, ಬಾಯಿ ಮಾತ್ರ ನನಗಿಂತ ದೊಡ್ಡದು. ಅವರದು ಬೌದ್ಧ ಮನೆತನ, ಅಪ್ಪ ಶಾಲೆಯ ಮೇಷ್ಟ್ರು. ಮನೆಯಲ್ಲಿ ಮಾಡಿದ ಪುಂಡಿಪಲ್ಯವನ್ನು ರೊಟ್ಟಿಯಲ್ಲಿ ಸುತ್ತಿ ತರುತ್ತಿದ್ದಳು, ಭೀಮಾ ಸೇತುವೆ ಬರುವುದರೊಳಗೆ ಇಬ್ಬರೂ ತಿಂದು ಮುಗಿಸುತ್ತಿದ್ದೆವು. ಇಂದಿಗೂ ಬೆಳಗಿನ ಹೊತ್ತು ಯಾವ ಬಸ್ಸು ಹತ್ತಿದರೂ ನನ್ನ ಕೈ ದಸ್ತಿ ಹುಡುಕುತ್ತದೆ.

ಲ್ಯಾಬಿಗೆ ಬರುವ ಮುನ್ನ ಸುಜಾತಾ ಒಂದು ಸಂಸ್ಥೆಗೆ ಕೆಲಸ ಮಾಡಿದ್ದಳು. ಯಂತ್ರಗಳಿಗೆ ನಮ್ಮ ಕಡೆಯ ಮಾತು ಕಲಿಸಲು ಹಳ್ಳಿ ಹಳ್ಳಿಯ ಹೆಂಗಸರ ದನಿ ಕೂಡಿಸುವ ಸಂಸ್ಥೆ ಅದು. ಇವಳು ಮೊಬೈಲು ಹಿಡಿದು ಮನೆ ಮನೆಗೆ ಹೋಗಿ, ನಿಮ್ಮ ಹೆಸರೇನು, ಊರು ಯಾವುದು, ಗಂಡನ ಹೆಸರೇನು, ಇವತ್ತು ಏನು ಅಡುಗೆ ಎಂದು ಕೇಳಿ ಉತ್ತರ ದಾಖಲಿಸಿಕೊಂಡಿದ್ದಳು. ಆಮೇಲೆ ಸಂಸ್ಥೆಯವರು ಗಂಟುಮೂಟೆ ಕಟ್ಟಿದರು. ಹೋಗುವಾಗ ದನಿಗಳ ಒಂದು ಪ್ರತಿಯನ್ನು ಹಾರ್ಡ್ ಡಿಸ್ಕಿನಲ್ಲಿ ಹಾಕಿ, ಹುಡುಗರ ಕಲಿಕೆಗೆ ಇರಲಿ ಎಂದು ಕಾಲೇಜಿಗೆ ಕೊಟ್ಟರು. ಕಾಲೇಜಿನವರು ಅದನ್ನು ಕಪಾಟಿನಲ್ಲಿಟ್ಟು ಮರೆತರು.

ಆ ಮುಂಗಾರು ಶುರುವಾದ ಹೊಸತರಲ್ಲಿ ನಿಂಗಪ್ಪ ಬಂದ. ತಿಂಥಣಿಯವನು, ಕೃಷ್ಣೆಯಲ್ಲಿ ಹರಿಗೋಲು ಹಾಕಿ ಮೀನು ಹಿಡಿಯುವವನು. ಒದ್ದೆ ಧೋತರ, ಬಗಲಲ್ಲಿ ಒಂದು ಚೀಲ. ಚೀಲದಲ್ಲಿ ನಮಗೆಂದು ತಂದ ಒಣ ಮೀನು. ಅದರ ವಾಸನೆ ಅವನಿಗಿಂತ ಮೊದಲೇ ಒಳಗೆ ಬಂದಿತ್ತು. ಸುಜಾತಾಳನ್ನು ಕೇಳಿಕೊಂಡು ಬಂದಿದ್ದ. ಅವನ ಹೆಂಡತಿ ದೇವಮ್ಮನಿಗೆ ಬೇಸಿಗೆಯಲ್ಲಿ ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು, ಅದರ ಜೊತೆಗೆ ಮಾತು, ಎಲ್ಲ ಹೋಗಿತ್ತು. ಸುಜಾತಾ ಆ ಮನೆಗೆ ದನಿ ದಾಖಲಿಸಲು ಹೋಗಿದ್ದ ದಿನ ನಿಂಗಪ್ಪ ಹೊಳೆಯಲ್ಲಿದ್ದನಂತೆ. ಅವತ್ತು ಏನು ನಡೆಯಿತೆಂದು ಓಣಿಯ ಹೆಂಗಸರು ಈಗ ಹೇಳಿದ್ದರು.

ಬೆಂಚಿನ ತುದಿಗೆ ಕೂತು ಕೇಳಿದ. "ಆಕಿ ಅದರಾಗ ನನ್ನ ಹೆಸರು ಹೇಳ್ಯಾಳಂತ. ಖರೇ ಏನ್ರಿ?"

"ಹೇಳ್ಯಾಳ ಕಾಕಾ," ಎಂದಳು ಸುಜಾತಾ. "ನಾನ ಕೇಳೀನಿ."

"ಮದಿವಿಯಾಗಿ ಬಂದಾಗಿಂದ ಒಮ್ಮೆನೂ ನನ್ನ ಹೆಸರು ತಗೊಂಡಿಲ್ರಿ ಆಕಿ. ಈಗ ತಗೀಬೇಕಂದ್ರ ಬಾಯಿ ಇಲ್ಲ. ಒಂದ್ಸಲ ಕೇಳಸ್ರಿ ಅಕ್ಕೋರ, ಸಾಕು."

ಗಂಡನ ಹೆಸರು ಹೇಳಬಾರದೆಂಬ ರೂಢಿ ನಮ್ಮ ಕಡೆ ಇನ್ನೂ ಇದೆ. ಮದುವೆ ಮುಂಜಿವೆಯಲ್ಲಿ ಹೆಂಗಸರು ಸುತ್ತ ಕೂತು ಕಾಡಿದರೆ ಒಡಪು ಕಟ್ಟಿ ಹೇಳುತ್ತಾರೆ. ಪ್ರಾಸದ ಎರಡು ಸಾಲು, ಅದರ ನಡುವೆ ಎಲ್ಲೋ ಗಂಡನ ಹೆಸರು. ಅಷ್ಟೇ. ಬಿಡಿಯಾಗಿ ಹೆಸರು ಹಿಡಿದು ಕರೆಯುವುದಿಲ್ಲ. ದೇವಮ್ಮ ಒಡಪು ಹೇಳುವ ಜಾಗದಲ್ಲಿ ನಿಂಗಪ್ಪ ಇದ್ದದ್ದೇ ಇಲ್ಲವಂತೆ. ಸುರಪುರದ ಓಣಿಗಳಲ್ಲಿ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದ ಹೆಂಗಸು ಆಕೆ. ಆಕೆಯ ಕೂಗು ಆಕೆಗಿಂತ ಒಂದು ಓಣಿ ಮುಂದೆ ಹೋಗುತ್ತಿತ್ತು. ಅಂಥ ಗಂಟಲಿನವಳು ಸಂಜೆ ಹೊಳೆಯ ದಂಡೆಗೆ ಬಂದು ‘ಬರ್ರೀ’ ಎಂದು ಕೂಗಿದರೆ ಎಲ್ಲ ಹರಿಗೋಲಿನವರೂ ತಲೆ ಎತ್ತುತ್ತಿದ್ದರಂತೆ. ತನ್ನನ್ನೇ ಎಂದು ತಿಳಿಯುತ್ತಿದ್ದದ್ದು ನಿಂಗಪ್ಪನಿಗೆ ಮಾತ್ರ.

ನಮ್ಮಿಂದ ಆಗುತ್ತದೆ ಎಂದು ನಾನು ಜಂಬದಿಂದ ಹೇಳಿಬಿಟ್ಟೆ. ಕಪಾಟು ತೆಗೆದರೆ ಆಯಿತು, ಡಿಸ್ಕು ಹಚ್ಚಿದರೆ ಆಯಿತು ಎಂದುಕೊಂಡಿದ್ದೆ. ಪ್ರಿನ್ಸಿಪಾಲರೂ ಒಪ್ಪಿದರು. ಅವರ ಮನೆಯವರ ದನಿ ಅವರಿಗೆ ಕೊಡಿ, ಆದರೆ ಆ ಮೀನನ್ನು ಮೊದಲು ಹೊರಗೆ ಕಳಿಸಿ ಎಂದರು.

ಆಗಲಿಲ್ಲ. ಸಂಸ್ಥೆಯವರು ಒಂದು ಹಳ್ಳಿಯ ದನಿಗಳನ್ನೆಲ್ಲ ಒಂದೇ ಫೈಲಿನಲ್ಲಿ, ಮೂಟೆಯ ಹಿಂದೆ ಮೂಟೆ ಜೋಡಿಸಿದಂತೆ, ಒತ್ತಿ ಅಡಕಿದ್ದರು. ಹೆಂಗಸರ ಹೆಸರು ತೆಗೆದು ನಂಬರು ಹಾಕಿದ್ದರು. ಯಾವ ನಂಬರು ದೇವಮ್ಮ ಎಂದು ತಿಳಿಯಬೇಕಾದರೆ ಫೈಲನ್ನು ಮೊದಲಿನಿಂದ ಓದುತ್ತ ಹೋಗಿ, ದನಿ ಕೇಳಿ ಗುರುತಿಸಬೇಕು. ಅವರೇ ಕೊಟ್ಟಿದ್ದ ಓದುವ ಸಾಧನವೋ, ದೇವರೇ ಗತಿ. ಒಂದೊಂದು ಮೂಟೆಯನ್ನೂ ಪೂರ್ತಿ ಬಿಚ್ಚಿ, ಹರವಿ, ನೋಡಿ, ಮತ್ತೆ ಕಟ್ಟಿ ಮುಂದೆ ಹೋಗುತ್ತಿತ್ತು. ಕಾಲೇಜಿನ ಹಳೆಯ ಯಂತ್ರದ ಮೇಲೆ ಅದು ತಿಂಥಣಿಯ ಫೈಲಿನ ಕಾಲುಭಾಗ ಮುಟ್ಟುವುದರಲ್ಲಿ ಮಧ್ಯಾಹ್ನವಾಗುತ್ತಿತ್ತು. ಅಷ್ಟರಲ್ಲಿ ಮಳೆ. ಮಳೆ ಬಂತೆಂದರೆ ಕರೆಂಟ್ ಹೋಯಿತು. ಯುಪಿಎಸ್ಸಿನ ಬ್ಯಾಟರಿ ಎಂದೋ ಸತ್ತಿತ್ತು. ಕರೆಂಟ್ ಬಂದ ಮೇಲೆ ಮತ್ತೆ ಮೊದಲಿನಿಂದ.

ಅಣೆಕಟ್ಟಿನಿಂದ ಹೊಳೆಗೆ ನೀರು ಬಿಟ್ಟಿದ್ದರಿಂದ ಹರಿಗೋಲು ಇಳಿಸುವಂತಿರಲಿಲ್ಲ. ಹಾಗಾಗಿ ನಿಂಗಪ್ಪನಿಗೂ ಬಿಡುವಿತ್ತು. ವಾರ ವಾರ ಬರುತ್ತಿದ್ದ. ಲ್ಯಾಬಿನ ಹೊರಗೆ ಪಡಸಾಲೆಯಲ್ಲಿ ಕಾಲು ಚಾಚಿ, ಹರಿದ ಬಲೆಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಸೂಜಿಯಿಂದ ಕಣ್ಣು ಕಣ್ಣಾಗಿ ಹೆಣೆಯುತ್ತ ಕೂರುತ್ತಿದ್ದ. ಒಮ್ಮೆ ಪ್ರಿನ್ಸಿಪಾಲರು ಇವರು ಯಾರು ಎಂದು ಕೇಳಿದಾಗ ಸುಜಾತಾ ಮುಖ ಗಂಭೀರ ಮಾಡಿ, ನಮ್ಮ ಪ್ರಾಜೆಕ್ಟಿನವರು ಎಂದಳು. ಫ್ಯಾನು ನಿಂತ ಕೂಡಲೇ ನಿಂಗಪ್ಪ ಬಾಗಿಲಲ್ಲಿ ತಲೆ ಹಾಕಿ ಹೋಯಿತೇ ಎನ್ನುತ್ತಿದ್ದ. ಹೋಯಿತು ಎನ್ನುತ್ತಿದ್ದೆ. ಬರುತ್ತದೆ ಬಿಡಿ ಎಂದು ನನಗೇ ಸಮಾಧಾನ ಹೇಳಿ ಮತ್ತೆ ಬಲೆಗೆ ಹೋಗುತ್ತಿದ್ದ.

ಒಂದು ಸಲ ಮಾತ್ರ ತನ್ನ ಸಂಕಟ ಬಾಯಿಬಿಟ್ಟು ಹೇಳಿದ. ಮನೆಯಲ್ಲಿ ಮಗ ಸೊಸೆ ಮೊಮ್ಮಕ್ಕಳು ಎಲ್ಲ ಇದ್ದಾರೆ, ಗದ್ದಲವೂ ಇದೆ, ಆದರೂ ಮನೆ ಸಪ್ಪಳವಿಲ್ಲದೆ ಬಿದ್ದಿದೆ ಎಂದ. ಸಂಜೆ ದಂಡೆಗೆ ಹೋಗಿ ಸುಮ್ಮನೆ ನಿಲ್ಲುತ್ತಾನಂತೆ. ಬೇರೆ ಮನೆಯ ಹೆಂಗಸರು ಕೂಗುತ್ತಾರೆ, ಇವನು ಅಭ್ಯಾಸಬಲದಿಂದ ತಿರುಗುತ್ತಾನೆ.

ಇದಾದ ಮೇಲೆ ನಾನು ಸಂಸ್ಥೆಯವರ ಆ ಓದುವ ಸಾಧನವನ್ನು ಮೂಲೆಗೆ ಎಸೆದೆ. ನಾವೇ ಬರೆಯೋಣ ಎಂದೆ. ಕರೆಂಟ್ ಬಂದು ಮತ್ತೆ ಹೋಗುವುದರೊಳಗೆ ಕೆಲಸ ಮುಗಿಯಬೇಕು, ಅಷ್ಟೇ ನಮ್ಮ ಗುರಿ. ಪ್ರತಿ ಮೂಟೆಯ ಬಾಯಿಗೆ ಒಂದು ಚೀಟಿ ಇರುತ್ತದೆ, ಈ ಮೂಟೆ ಯಾವ ನಂಬರಿನದು, ಎಷ್ಟು ಉದ್ದ ಎಂದು. ಬಿಚ್ಚುವುದೇ ಬೇಡ. ಚೀಟಿ ಓದು, ಅಷ್ಟು ದೂರ ಜಿಗಿ, ಮುಂದಿನ ಚೀಟಿ ಓದು. ಹೊಸ ನಂಬರಿನ ಹೆಂಗಸು ಬಂದಾಗ ಮಾತ್ರ ಒಂದು ಮೂಟೆ ಬಿಚ್ಚಿ ದನಿ ಕೇಳು. ಜಿಗಿ ಎಂಬ ಹೆಸರು ಹಾಗೆ ಬಂತು, ಇಟ್ಟವಳು ಸುಜಾತಾ. ಬಸ್ಸಿನಲ್ಲಿ ಮಾತಾಡಿಕೊಂಡು, ಪಾಠದ ನಡುವಿನ ಬಿಡುವಿನಲ್ಲಿ ಬರೆದೆವು. ಬರೆದದ್ದನ್ನೆಲ್ಲ ಯಾರು ಬೇಕಾದರೂ ನೋಡಲಿ, ತಿದ್ದಲಿ ಎಂದು ಇಂಟರ್ನೆಟ್ಟಿನಲ್ಲಿ ಬಯಲಿಗಿಟ್ಟೆವು. ಕೇಳಲು ಬೇರೆ ಯಾರೂ ನಮಗೆ ಇರಲಿಲ್ಲ.

ಮೊದಲ ಸಲ ಓಡಿಸಿದಾಗ ಅದು ಹೋದ ವೇಗ ನೋಡಿ ಇಬ್ಬರೂ ಕುರ್ಚಿಯಿಂದ ಎದ್ದೆವು. ಎದ್ದವರು ಹಾಗೇ ಕೂತೆವು. ಒಂದು ಕಡೆ ಮುಗ್ಗರಿಸಿ ನಿಂತಿತ್ತು. ಅಲ್ಲಿ ಚೀಟಿ ಹೇಳಿದ ಉದ್ದಕ್ಕೂ ಮೂಟೆಯ ಉದ್ದಕ್ಕೂ ತಾಳೆಯಿಲ್ಲ. ಜಿಗಿದರೆ ಮುಂದಿನ ಮೂಟೆಯ ಬಾಯಿಗೆ ಬೀಳದೆ ಇದೇ ಮೂಟೆಯ ನಡುವೆ ಬೀಳುತ್ತಿತ್ತು. ಅದನ್ನು ಕೈಯಿಂದ ದಾಟಿಸಿದರೆ ಮುಂದೆ ಇನ್ನೊಂದು ಕಡೆ ಅದೇ ಕಥೆ. ವಾರಗಟ್ಟಲೆ ತಲೆ ಕೆಡಿಸಿಕೊಂಡೆವು. ಬಯಲಿಗಿಟ್ಟಿದ್ದನ್ನು ನೋಡಿ ಯಾವುದೋ ದೇಶದ ಒಬ್ಬರು ಬಹಳ ಮರ್ಯಾದೆಯಿಂದ ಉತ್ತರ ಬರೆದರು. ನಿಮ್ಮ ಫೈಲು ಕೆಟ್ಟಿದೆ, ಕೆಟ್ಟ ದಾಖಲೆಗಳನ್ನು ಬಿಟ್ಟು ಉಳಿದದ್ದನ್ನು ಓದಿ, ಎಲ್ಲರೂ ಹಾಗೇ ಮಾಡುತ್ತಾರೆ ಎಂದರು. ನನಗೂ ಸಾಕಾಗಿತ್ತು. ಹೆಸರು ಹೇಳಿದ್ದು ಕೆಟ್ಟ ದಾಖಲೆಯಲ್ಲಿ ಹೋದರೂ ಉಳಿದದ್ದರಲ್ಲಿ ದೇವಮ್ಮನ ಬೇರೆ ಮಾತು ಇದ್ದೇ ಇರುತ್ತದೆ, ಅಡುಗೆಯ ಮಾತೋ ಊರಿನ ಮಾತೋ, ಅದನ್ನೇ ಕೇಳಿಸಿದರಾಯಿತು ಎಂದೆ. ಅವನು ಕೇಳಿದ್ದು ಹೆಸರು ಎಂದು ಸುಜಾತಾ ಸಿಡುಕಿದಳು.

ಮರುದಿನ ಬೆಳಿಗ್ಗೆ ದೋರನಹಳ್ಳಿಯಲ್ಲಿ ಹತ್ತಿದವಳು ದಸ್ತಿಯ ಸೀಟು ಬಿಟ್ಟು ಹಿಂದಿನ ಸೀಟಿಗೆ ಹೋಗಿ ಕೂತಳು. ಅದೇ ಊರಲ್ಲಿ ಹತ್ತಿದ ಒಬ್ಬ ಹೆಂಗಸು ಮಗುವನ್ನೆತ್ತಿಕೊಂಡು ನನ್ನ ಬದಿಗೆ ಕೂತಳು. ಸ್ವಲ್ಪ ಹೊತ್ತಿಗೆ ಆಕೆಗೆ ಯಾದಗಿರಿಯ ದವಾಖಾನೆಯಿಂದ ಫೋನು ಬಂತು. ಮಗುವಿನ ಹೆಸರು ಹೇಳಿದಳು, ವಯಸ್ಸು ಹೇಳಿದಳು, ಆಮೇಲೆ ಸುಮ್ಮನಾದಳು. ಅತ್ತಲಿಂದ ಹಲೋ ಹಲೋ ಎನ್ನುತ್ತಿದ್ದಾರೆ, ಈಕೆ ನಗುತ್ತ ಸೆರಗು ಬಾಯಿಗೆ ಹಿಡಿದಿದ್ದಾಳೆ. ಕೊನೆಗೆ ಚೀಲದಿಂದ ಆಧಾರ್ ಕಾರ್ಡು ತೆಗೆದು, ಗಂಡನ ಹೆಸರಿನ ಮೇಲೆ ಬೆರಳಿಟ್ಟು, ಫೋನನ್ನು ನನ್ನ ಕಿವಿಗೆ ಹಿಡಿದಳು. "ಅಕ್ಕಾ, ಇವ್ರ ಹೆಸರು ಕೇಳಾಕತ್ತಾರ. ನೀವ ಹೇಳ್ರಿ."

ನಾನು ಹೇಳಿದೆ. ಹೇಳಿ ಫೋನು ಕೊಟ್ಟು ಹಿಂದೆ ತಿರುಗಿದರೆ ಸುಜಾತಾ ಸೀಟಿನ ಕಂಬಿ ಹಿಡಿದು ಎದ್ದು ನಿಂತಿದ್ದಳು. ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು.

ಲ್ಯಾಬಿಗೆ ಓಡಿ ಹೋಗಿ ನೋಡಿದೆವು. ಮುಗ್ಗರಿಸಿದ ಜಾಗವೆಲ್ಲ ಒಂದೇ ಪ್ರಶ್ನೆ: ಗಂಡನ ಹೆಸರೇನು? ಒಂದು ಹೆಸರು ಹೇಳಲು ಎಷ್ಟು ಹೊತ್ತು ಬೇಕಾದೀತು ಎಂದು ಸಂಸ್ಥೆಯವರು ಆ ಚೀಟಿಯಲ್ಲಿ ಉದ್ದ ಬರೆಯಲು ಚಿಕ್ಕ ಜಾಗ ಬಿಟ್ಟಿದ್ದರು. ನಮ್ಮ ಹೆಂಗಸರು ನಕ್ಕರು, ನಾಚಿದರು, ಒಬ್ಬರನ್ನೊಬ್ಬರು ಚಿವುಟಿದರು, ನೀ ಹೇಳು ನೀ ಹೇಳು ಎಂದರು. ಸುಜಾತಾ ಅವಸರ ಮಾಡದೆ ಮೊಬೈಲು ಚಾಲೂ ಇಟ್ಟುಕೊಂಡು ಕಾದಿದ್ದಳು. ದನಿ ಉದ್ದವಾಯಿತು, ಉದ್ದದ ಅಂಕಿ ಆ ಜಾಗದಲ್ಲಿ ಹಿಡಿಸಲಿಲ್ಲ, ಚೀಟಿಯ ಮೇಲೆ ತಪ್ಪು ಅಂಕಿ ಕೂತಿತು.

"ಫೈಲ್ ಕೆಟ್ಟಿಲ್ಲ ಅಕ್ಕಾ," ಎಂದಳು ಸುಜಾತಾ. "ಎಲ್ಲಾರೂ ನಾಚ್ಯಾರ."

ಅವತ್ತು ನಾವು ನಕ್ಕ ನಗೆಗೆ ಪಕ್ಕದ ತರಗತಿಯವರು ಬಂದು ನೋಡಿಹೋದರು. ಹಾಗೆ ನಕ್ಕು ಎಷ್ಟು ಕಾಲವಾಯಿತೋ.

ಚೀಟಿಯನ್ನು ಕಣ್ಣು ಮುಚ್ಚಿ ನಂಬಬಾರದು, ಅಂಕಿ ತಾಳೆಯಾಗದಿದ್ದರೆ ಮುಂದಿನ ಮೂಟೆಯ ಬಾಯಿಯ ಗುರುತು ಸಿಗುವವರೆಗೆ ತಡಕುತ್ತ ಹೋಗಬೇಕು ಎಂದು ಜಿಗಿಗೆ ಕಲಿಸಿದೆವು. ವೇಗಕ್ಕೆ ಏನೂ ಕುಂದಾಗಲಿಲ್ಲ. ಆ ಪರದೇಶದವರಿಗೂ ಕಾರಣ ಬರೆದು ತಿಳಿಸಿದೆ. ಅವರಿಗೆ ಎಷ್ಟು ಅರ್ಥವಾಯಿತೋ, ಅಂಕಿ ತಾಳೆ ನೋಡುವ ಭಾಗವನ್ನು ಇನ್ನೂ ಚೆಂದ ಮಾಡಿ ಕಳಿಸಿದರು. ಇಂದು ಮಳೆಯ ಲೆಕ್ಕ ಓದುವವರು, ಆಸ್ಪತ್ರೆಯ ಫೈಲು ಓದುವವರು ಎಲ್ಲರ ಕೆಲಸದಲ್ಲೂ ಆ ಸಾಲುಗಳು ಓಡುತ್ತವೆ. ನಾಚಿದ ಹೆಂಗಸರಿಗಾಗಿ ಬರೆದದ್ದು ಎಂದು ಅವರಿಗೆ ಯಾಕಾದರೂ ಗೊತ್ತಿರಬೇಕು? ನನಗೆ ಈಗ ಒಳ್ಳೆಯ ಯಂತ್ರವಿದೆ, ಕಾಯಂ ನೌಕರಿಯಿದೆ, ನಾನಿರುವ ಊರಲ್ಲಿ ಕರೆಂಟ್ ಹೋಗುವುದೇ ಇಲ್ಲ. ಅಷ್ಟು ಆಸೆಯಿಂದ ಮತ್ತೆ ಒಂದು ಸಾಲೂ ಬರೆದಿಲ್ಲ. ಸುಜಾತಾ ಮದುವೆಯಾಗಿ ಬೀದರಿಗೆ ಹೋದಳು, ಅಲ್ಲೇ ಶಾಲೆಯಲ್ಲಿ ಕಲಿಸುತ್ತಾಳೆ. ಹಬ್ಬಕ್ಕೊಮ್ಮೆ ಫೋನು ಮಾಡುತ್ತೇವೆ, ಮಕ್ಕಳ ಸುದ್ದಿ ಆಗುತ್ತದೆ, ಇಡುತ್ತೇವೆ. ದೇವಮ್ಮ ಹೋಗಿ ಕೆಲ ವರ್ಷವಾಯಿತು. ನಿಂಗಪ್ಪ ಈಗ ಹೊಳೆಗೆ ಇಳಿಯುವುದಿಲ್ಲವಂತೆ. ಆ ಮಳೆಗಾಲ ಒಂದೇ ಒಂದು ವಾರಕ್ಕಾದರೂ ತಿರುಗಿ ಬಂದರೆ ನಾನು ಇದ್ದ ಕೆಲಸ ಬಿಟ್ಟು ಓಡಿಹೋಗುತ್ತೇನೆ. ಸಿಕ್ಕರೆ ಆ ವಾರವೇ ಸಿಗಲಿ, ನಾವು ತಿಂಥಣಿಗೆ ಹೋದ ವಾರ.

ದೇವಮ್ಮನ ದನಿ ಸಿಕ್ಕ ಕೂಡಲೇ ಸುಜಾತಾ ಗುರುತಿಸಿದಳು. ಎರಡು ಮಾತು ಕೇಳಿದ್ದೇ ತಡ, ಇದೇ ಎಂದು ಅಲ್ಲಿಗೇ ನಿಲ್ಲಿಸಿದಳು. ಉಳಿದದ್ದನ್ನು ನಾವು ಕೇಳಲಿಲ್ಲ. ಅದು ನಿಂಗಪ್ಪನದು. ಲ್ಯಾಪ್‌ಟಾಪು ಹೆಗಲಿಗೆ ಹಾಕಿಕೊಂಡು ರವಿವಾರ ಸುರಪುರದಿಂದ ಬಸ್ಸು ಹಿಡಿದೆವು. ಮಳೆ ಬಿಟ್ಟಿತ್ತು. ಹೊಳೆ ಕೆಂಪಗೆ, ದಂಡೆ ಮೀರಿ, ಗುಡಿಯ ಹತ್ತಿರದ ಮೆಟ್ಟಿಲುಗಳನ್ನು ನುಂಗಿ ಹರಿಯುತ್ತಿತ್ತು. ಹರಿಗೋಲುಗಳನ್ನು ಓಣಿಯವರೆಗೆ ಎಳೆದುತಂದು ಬೋರಲು ಹಾಕಿದ್ದರು. ನಿಂಗಪ್ಪ ಬಸ್ ನಿಲ್ಲುವಲ್ಲೇ ನಿಂತಿದ್ದ. ಒಗೆದ ಧೋತರ ಉಟ್ಟಿದ್ದ, ಗಡ್ಡ ಕೆರೆಸಿಕೊಂಡಿದ್ದ. ಸುಜಾತಾ ನನ್ನ ಮೊಳಕೈ ತಿವಿದಳು.

ದೇವಮ್ಮನನ್ನು ಹಗ್ಗ ಹೆಣೆದ ಹೊರಸಿನ ಮೇಲೆ ಗೋಡೆಗೆ ಆನಿಸಿ ಕೂರಿಸಿದ್ದರು. ತಲೆ ಬಾಚಿ, ಕುಂಕುಮ ಇಟ್ಟಿದ್ದಳು ಸೊಸೆ. ಬಾಯಿ ಒಂದು ಬದಿಗೆ ಜಾರಿತ್ತು, ಕಣ್ಣು ಮಾತ್ರ ಬಲು ಚುರುಕು. ಸುಜಾತಾ ಕಾಲ ಬಳಿ ಕೂತು, ನಿಮ್ಮ ದನಿ ತಂದಿದ್ದೇವೆ ಎಂದು ಹೇಳಿದಳು. ದೇವಮ್ಮ ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. ನನಗೆ ಒಮ್ಮೆಲೇ ಭಯವಾಯಿತು. ಇಷ್ಟು ದಿನ ಗಂಡನ ಆಸೆಯೊಂದೇ ನಮ್ಮ ಕಣ್ಣ ಮುಂದಿತ್ತು, ಈಕೆಗೆ ಇದು ಬೇಕೋ ಬೇಡವೋ ಎಂದು ಯಾರೂ ಕೇಳಿರಲಿಲ್ಲ. ಅಷ್ಟರಲ್ಲಿ ನಿಂಗಪ್ಪ ದನಿ ಹಚ್ಚಿ ಎಂದ. ಹಚ್ಚಿದೆ.

ಮೊದಲು ಬಳೆಯ ಸಪ್ಪಳ, ದೂರದಲ್ಲಿ ಒಂದು ಕೋಳಿ. ಗಂಡನ ಹೆಸರೇನು ಎಂದು ಸುಜಾತಾಳ ದನಿ. ಹೆಂಗಸರ ನಗು. ಹೇಳೇ ದೇವಿ, ಹೇಳೇ ಎಂಬ ಒತ್ತಾಯ. ಆಮೇಲೆ ದೇವಮ್ಮ. ಏನು ದನಿ ಅದು! ಮನೆಯ ಮಕ್ಕಳೆಲ್ಲ ಬಾಗಿಲಿಗೆ ಬಂದು ನಿಂತವು. ಮೊದಲು ಒಡಪು ಹೇಳಿದಳು:

"ಹೊಳಿ ತುಂಬಿ ಹರಿವಾಗ ಹರಿಗೋಲು ದಂಡ್ಯಾಗ,
ನಿಂಗಪ್ಪ ಮನಿ ಸೇರಿದ್ರ ಜೀವ ನನ್ನ ಗೂಡಿನಾಗ."

ಮತ್ತೆ ನಗು. ಹೀಗಲ್ಲ, ಬರೇ ಹೆಸರಷ್ಟೇ ಬೇಕಂತೆ ಎಂದು ಸುಜಾತಾ ಕೇಳಿಕೊಳ್ಳುವುದು ಕೇಳಿಸಿತು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, ಮೊಬೈಲಿಗೆ ಬಾಯಿ ಹಚ್ಚಿ ಹೇಳಿದಂತೆ, "ನಿಂಗಪ್ಪ". ಅದರ ಹಿಂದೆಯೇ, "ಇದನ್ನ ಅವ್ರಿಗಿ ಕೇಳಸಬ್ಯಾಡ ತಂಗಿ. ನನಗ ನಾಚಿಕಿ ಬರ್ತದ."

ನಿಂಗಪ್ಪ ಕೈ ಎತ್ತಿದ. "ಬಂದ್ ಮಾಡ್ರಿ ಅಕ್ಕೋರ. ಆಕಿ ಬ್ಯಾಡ ಅಂದಾಳ."

ಬಂದ್ ಮಾಡಿದೆ. ಅವನು ತಲೆ ತಗ್ಗಿಸಿದ, ಹೆಂಡತಿಯ ಮುಖ ನೋಡಲಿಲ್ಲ. ಆ ಮಾತು ಮರೆತೇಬಿಟ್ಟಿದ್ದ ಸುಜಾತಾಳ ಕಣ್ಣು ತುಂಬಿತ್ತು. ನಾನು ಲ್ಯಾಪ್‌ಟಾಪು ಮುಚ್ಚಲು ಹೋದೆ. ಅಷ್ಟರಲ್ಲಿ ದೇವಮ್ಮನ ಎಡಗೈ ಮೆಲ್ಲಗೆ ಎದ್ದು ಬಂದು ಅದರ ಅಂಚು ಹಿಡಿಯಿತು. ಮುಚ್ಚಲು ಬಿಡಲಿಲ್ಲ. ಒಂದು ಬೆರಳಿಂದ ಅದನ್ನು ತಟ್ಟಿದಳು, ನನ್ನನ್ನು ನೋಡಿ ಮತ್ತೆ ತಟ್ಟಿದಳು.

ನಾನು ಇನ್ನೊಮ್ಮೆ ಹಚ್ಚಿದೆ. ಬಳೆ, ಕೋಳಿ, ನಗು, ಒಡಪು, ಆ ಮೌನ ಎಲ್ಲ ಮತ್ತೆ ಬಂದುಹೋದವು. "ನಿಂಗಪ್ಪ" ಎಂದಿತು ದನಿ. ನಿಂಗಪ್ಪ ಈ ಸಲ ತಲೆ ಎತ್ತಿ ಹೆಂಡತಿಯನ್ನೇ ನೋಡುತ್ತಿದ್ದ.

"ಓ," ಎಂದ.